72 ಮಂದಿಯ ಕ್ಯಾಬಿನೆಟ್? ಇಲ್ಲ, 31
‘ಮೋದಿ ಕ್ಯಾಬಿನೆಟ್ಟಿನಲ್ಲಿ 72 ಮಂದಿ, ಕರ್ನಾಟಕದ ಐವರೂ ಕ್ಯಾಬಿನೆಟ್ ಮಂತ್ರಿಗಳು’ ಎಂಬ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. 72 ಎಂಬ ಸಂಖ್ಯೆ ಸರಿ, ಅದನ್ನು ಕ್ಯಾಬಿನೆಟ್ ಎಂದು ಕರೆದಿದ್ದು ತಪ್ಪು.

2024ರ ಜೂನ್ 9ರಂದು ಪ್ರಧಾನಿ ಸೇರಿ 72 ಮಂದಿ ಪ್ರಮಾಣವಚನ ತೆಗೆದುಕೊಂಡರು. ಅದು ಇಡೀ ಮಂತ್ರಿಮಂಡಲ. ಅದರಲ್ಲಿ ಕ್ಯಾಬಿನೆಟ್ ಅಂದರೆ ಪ್ರಧಾನಿ ಮತ್ತು 30 ಮಂತ್ರಿಗಳು, ಅಷ್ಟೇ. ಉಳಿದ 41 ಮಂದಿ ರಾಜ್ಯ ಸಚಿವರು, ಅಂದರೆ ಕ್ಯಾಬಿನೆಟ್‌ಗಿಂತ ಕೆಳದರ್ಜೆಯ ಕೇಂದ್ರ ಮಂತ್ರಿಗಳು. ಅವರಲ್ಲಿ ಐವರಿಗೆ ಸ್ವತಂತ್ರ ಹೊಣೆ, ಅಂದರೆ ಆ ಖಾತೆಯಲ್ಲಿ ಅವರ ಮೇಲೆ ಕ್ಯಾಬಿನೆಟ್ ಮಂತ್ರಿ ಇರುವುದಿಲ್ಲ.

ನಮ್ಮವರಲ್ಲಿ ಪ್ರಲ್ಹಾದ ಜೋಶಿ, ಕುಮಾರಸ್ವಾಮಿ ಮತ್ತು ಇಲ್ಲಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಕ್ಯಾಬಿನೆಟ್ ದರ್ಜೆ. ಶೋಭಾ ಕರಂದ್ಲಾಜೆ, ವಿ. ಸೋಮಣ್ಣ ರಾಜ್ಯ ಸಚಿವರು. ಸಣ್ಣ ಕೈಗಾರಿಕೆ ಖಾತೆಯನ್ನೇ ನೋಡಿ. ಅಲ್ಲಿ ಕ್ಯಾಬಿನೆಟ್ ಮಂತ್ರಿ ಬಿಹಾರದ ಜೀತನ್ ರಾಮ್ ಮಾಂಝಿ, ಮಾಂಝಿ ಕೈಕೆಳಗಿನ ರಾಜ್ಯ ಸಚಿವೆ ಶೋಭಾ. ಮಾಂಝಿ ಪಕ್ಷಕ್ಕೆ ಲೋಕಸಭೆಯಲ್ಲಿ ಇರುವುದು ಒಂದೇ ಸೀಟು, ಅದೂ ಅವರದೇ!

‘ಅರ್ಧ ಕುರ್ಚಿ ಮಿತ್ರಪಕ್ಷಗಳಿಗೆ’ ಎನ್ನುವುದೂ ಸುಮ್ನೆ ಮಾತು. 72ರಲ್ಲಿ ಅವರಿಗೆ ಸಿಕ್ಕಿದ್ದು 11, ಕ್ಯಾಬಿನೆಟ್ ದರ್ಜೆ ಬರೀ 5. ಏಳು ಸಂಸದರಿದ್ದ ಶಿಂದೆ ಶಿವಸೇನೆಗೆ ಒಂದೂ ಕ್ಯಾಬಿನೆಟ್ ಸ್ಥಾನ ಸಿಗಲಿಲ್ಲ. ಎರಡೇ ಸೀಟಿನ ಜೆಡಿಎಸ್‌ಗೆ ಸಿಕ್ಕಿತು. ಲೆಕ್ಕ ವಿಚಿತ್ರ ಅಲ್ವಾ?