ಇವತ್ತು ಯಾವ ಬಣ್ಣ?

ಮತ್ತೆ ಅದೇ ಕತೆ. ಹವಾಮಾನ ಇಲಾಖೆಯ ಮಳೆ ಅಲರ್ಟ್ ರಾತ್ರಿ ಮಲಗುವಾಗ ಆರೆಂಜ್ ಇದ್ದದ್ದು ಬೆಳಗಾಗುವಾಗ ರೆಡ್. ಮಕ್ಕಳು ಯೂನಿಫಾರ್ಮ್ ಹಾಕಿ, ಬುತ್ತಿ ಹಿಡಿದು, ಬಸ್ಸು ಹತ್ತಿದ ಮೇಲೆ ರಜೆಯ ಸುದ್ದಿ. ಅಂಗನವಾಡಿ, ಮದ್ರಸ, ಟ್ಯೂಷನ್ ಸೆಂಟರ್ ಸಹಿತ ಎಲ್ಲದಕ್ಕೂ ರಜೆ. ಕೊನೆಗೆ ಆ ಒಂದು ಸಾಲು: ಮೊದಲೇ ನಿಗದಿಯಾದ ಪರೀಕ್ಷೆಗಳಿಗೆ ಬದಲಾವಣೆ ಇಲ್ಲ. ಪರೀಕ್ಷೆಗೆ ಹೋಗುವ ಮಕ್ಕಳು ಒದ್ದೆಯಾಗುವುದಿಲ್ಲ ಎಂದು ಕಂಡುಹಿಡಿದವರಿಗೆ ದೊಡ್ಡ ನಮಸ್ಕಾರ. ಹತ್ತು ಗಂಟೆಗೆ ಬಿಸಿಲು, ಅದೂ ಕಣ್ಣು ಕುಕ್ಕುವ ಬಿಸಿಲು.

ರಜೆ ಹೋಗಲಿ ಬಿಡಿ. ಈ ಬಣ್ಣಗಳಿಂದ ನಿಜವಾಗಿ ಹಾಳಾದದ್ದು ನಮ್ಮ ಕಾಸರಗೋಡಿನ ಮಳೆ-ಸೆಕೆಯ ಹರಟೆ.

ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1923ರಲ್ಲೇ ಈ ಹರಟೆಗೆ ಫ್ಯಾಟಿಕ್ ಕಮ್ಯೂನಿಯನ್ ಎಂದು ಹೆಸರಿಟ್ಟ. ಹೇಳಲಿಕ್ಕೆ ಏನೂ ಇಲ್ಲದಿದ್ದರೂ ಇಬ್ಬರ ನಡುವಿನ ಮೌನ ಹೆದರಿಸುತ್ತದೆ, ಅದಕ್ಕೇ ಈ ಮಾತು ಎಂದು ಅವನ ಲೆಕ್ಕ. ಅವನು ಓಡಾಡಿದ್ದು ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ದಿನ ಕೂತಿದ್ದರೆ ಬೇರೆಯೇ ಬರೆಯುತ್ತಿದ್ದ. ಇಲ್ಲಿ ಪಕ್ಕದಲ್ಲಿ ಒಬ್ಬರು ಬಂದು ಕೂತರೆ, ಏನು ಮಾತಾಡುವುದು ಎಂಬುದು ಸಮಸ್ಯೆಯೇ ಅಲ್ಲ. ಯಾವುದರಲ್ಲಿ ಮಾತಾಡುವುದು? ಕನ್ನಡವೋ, ತುಳುವೋ, ಮಲಯಾಳವೋ, ಕೊಂಕಣಿಯೋ, ಮರಾಠಿಯೋ, ಬ್ಯಾರಿಯೋ? ನೇರ ಕೇಳುವ ಹಾಗಿಲ್ಲ. 'ನಿಮ್ಮದು ಯಾವ ಭಾಷೆ' ಎಂದರೆ ಜಾತಿ ಕೇಳಿದಂತಾಗುತ್ತದೆ, ಜೊತೆಗೆ ಓಟು ಯಾರಿಗೆ ಎಂದೂ ಕೇಳಿದಂತಾಗುತ್ತದೆ.

ಕ್ರಮ ಹೀಗೆ. ಮೊದಲು ಆಕಾಶ ನೋಡಿ 'ಉಸ್ಸಪ್ಪಾ' ಅನ್ನಬೇಕು. ಅದಕ್ಕೆ ಭಾಷೆ ಇಲ್ಲ. ಆಮೇಲೆ ಕಾಲರ್ ಎತ್ತಿ ಗಾಳಿ ಹಾಕಿಕೊಳ್ಳುತ್ತಾ ಕಾಯಬೇಕು. ಅತ್ತಿಂದ 'ಎಂಥ ಸೆಕೆ ಮಾರಾಯ್ರೆ' ಬಂದರೆ ಕನ್ನಡ. 'ಎಂಚಿನ ಸೆಕೆ' ಬಂದರೆ ತುಳು. 'ಎಂದೊರು ಚೂಡ್' ಬಂದರೆ ಮಲಯಾಳ. ಮಳೆಯಿಂದ ಮಾತ್ರ ಶುರು ಮಾಡಬಾರದು. ತುಳುವರ ಬರ್ಸ, ಕೊಂಕಣಿಗರ ಪಾವ್ಸು ಕೂಡಲೇ ಗುರುತು ಸಿಗುತ್ತವೆ. ಆದರೆ ನಮ್ಮ ಮಳೆಗೂ ಮಲಯಾಳದ ಮಳಕ್ಕೂ ಇರುವುದು ಬಾಯಿ ತೆರೆಯುವುದರಲ್ಲಿ ಕೂದಲೆಳೆಯ ವ್ಯತ್ಯಾಸ. ಐದು ನಿಮಿಷ ಇಬ್ಬರೂ ಬಾರದ ಭಾಷೆಯಲ್ಲಿ ಒದ್ದಾಡಿದ ಮೇಲೆ ಇಬ್ಬರೂ ಕುಂಬಳೆಯ ಕನ್ನಡದವರೇ ಎಂದು ಗೊತ್ತಾಗುತ್ತದೆ.

ಇಷ್ಟು ನಾಜೂಕಿನ ವ್ಯವಸ್ಥೆ ಈಗ ಹೀಗಾಗಿದೆ. 'ಇವತ್ತು ಆರೆಂಜ್.' 'ಹಾಂ, ಆರೆಂಜ್.' ಆರೆಂಜ್ ಎಲ್ಲ ಭಾಷೆಯಲ್ಲೂ ಆರೆಂಜ್. ಇಬ್ಬರೂ ಮತ್ತೆ ಫೋನಿಗೆ.

ಆ ಬಣ್ಣದ ಅರ್ಥವಾದರೂ ಗೊತ್ತುಂಟಾ? ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ 64.5 ಮಿಲಿಮೀಟರಿನಿಂದ 115.5ರವರೆಗೆ ಸುರಿಯಬಹುದಾದರೆ ಯೆಲ್ಲೋ, 204.4ರವರೆಗಾದರೆ ಆರೆಂಜ್, ಅದಕ್ಕೂ ಮೇಲೆ ರೆಡ್. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹತ್ತು ಸೆಂಟ್ಸ್ ಜಾಗದ ಮೇಲೆ ರೆಡ್ ಮಳೆ ಬಿದ್ದರೆ ಎಂಬತ್ತು ಸಾವಿರ ಲೀಟರ್ ದಾಟಿತು. ನಮ್ಮ ತೋಟದವರಿಗೆ ಈ ಲೆಕ್ಕ ಹೊಸತಲ್ಲ. ಅಂಗಳದಲ್ಲಿ ಮಳೆಮಾಪಕ ಇಟ್ಟು ವರ್ಷಗಟ್ಟಲೆ ಡೈರಿ ಬರೆದವರಿದ್ದಾರೆ. ಮಾಪಕ ಇಲ್ಲದವರು ಬಕೆಟ್ ಇಡುತ್ತಾರೆ, ಎಡವಟ್ಟು ಅಲ್ಲೇ. ಬಕೆಟಿನ ಬಾಯಿ ಅಗಲ, ತಳ ಕಿರಿದು. ನೀರಿನ ಎತ್ತರ ಬಿದ್ದ ಮಳೆಗಿಂತ ಯಾವತ್ತೂ ಜಾಸ್ತಿಯೇ ತೋರಿಸುತ್ತದೆ. 'ನಿಮ್ಮಲ್ಲಿ ಎಷ್ಟು ಬಂತು?' ಎಂಬ ಪೈಪೋಟಿಯಲ್ಲಿ ಬಕೆಟಿನವರು ಸೋತದ್ದೇ ಇಲ್ಲ.

ಮಳೆಗಾಲ ಹಿಡಿಯಿತು ಎಂದು ಘೋಷಿಸುವುದು ಇನ್ನೊಂದು ಚಂದ. ಮೇ 10ರ ನಂತರ ಮಳೆ ಅಳೆಯುವ 14 ನಿಗದಿತ ಕೇಂದ್ರಗಳ ಪೈಕಿ 60 ಶೇಕಡಾ ಕಡೆ ಸತತ ಎರಡು ದಿನ 2.5 ಮಿಲಿಮೀಟರ್ ಬೀಳಬೇಕು, ಗಾಳಿಯೂ ಮೋಡವೂ ಲೆಕ್ಕಕ್ಕೆ ಸರಿಹೊಂದಬೇಕು. ಆ 14ರಲ್ಲಿ ಕಾಸರಗೋಡಿನ ಪಕ್ಕದ ನಮ್ಮ ಕೂಡ್ಲು ಉಂಟು. ಕುಡ್ಲವೂ ಉಂಟು, ಅಂದರೆ ಮಂಗಳೂರು! 1956ರಲ್ಲಿ ಕೇರಳ-ಕರ್ನಾಟಕದ ನಡುವೆ ಎಳೆದ ಗಡಿಯನ್ನು ಮಳೆಯ ಲೆಕ್ಕದಲ್ಲಿ ಯಾರೂ ಕ್ಯಾರೇ ಮಾಡಿಲ್ಲ, ಅದಕ್ಕಾಗಿ ಯಾರೂ ಹರತಾಳವನ್ನೂ ಮಾಡಿಲ್ಲ. 2025ರಲ್ಲಿ ಮೇ 24ಕ್ಕೇ ಮಳೆಗಾಲ ಬಂತೆಂದು ಟಿವಿಯವರು ಬೆಚ್ಚಿಬಿದ್ದರು. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಪತ್ತನಾಜೆಗೆ, ಮಳೆಗಾಲ ಬಂತೆಂದು ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳದವರಿಗೆ ಅದರಲ್ಲಿ ಬೆಚ್ಚುವಂಥದ್ದೇನೂ ಕಾಣಲಿಲ್ಲ.

ಅಡಿಕೆಯವರು ಮಳೆಯ ಬಗ್ಗೆ ಮಾತಾಡಿದರೆ ಅದು ಹರಟೆಯಲ್ಲ, ವಿಚಾರಣೆ. 'ಮದ್ದು ಬಿಟ್ಟಾಯ್ತಾ?' ಅಂದರೆ ಅಡಿಕೆ ಕೊಳೆಯದಂತೆ ಸಿಂಪಡಿಸುವ ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತು ಐವತ್ತು ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣ ಇನ್ನೈವತ್ತರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಬೇಕು. ತಿರುಗಾಮುರುಗಾ ಮಾಡಿದರೆ ಮದ್ದು ಒಡೆಯುತ್ತದೆ. ತಿಕ್ಕಿದ ಕತ್ತಿ ಅದ್ದಿ ನೋಡಿದಾಗ ಅಲಗು ಕೆಂಪಾದರೆ ಇನ್ನೂ ಸುಣ್ಣ ಬೇಕು. ಕಲಸಿದ್ದು ಅದೇ ದಿನ ಮುಗಿಯಬೇಕು. ಬಿಟ್ಟದ್ದು ಗೊನೆಯಲ್ಲಿ ಒಣಗಿ ಹಿಡಿಯುವಷ್ಟು ಹೊತ್ತು ಮಳೆ ಬಿಡಬೇಕು, ಮರ ಜಾರಬಾರದು, ಉದ್ದ ದೋಟಿಯಲ್ಲಿ ಮದ್ದು ಬಿಡುವವನು ಫೋನ್ ಎತ್ತಬೇಕು. ನಲವತ್ತು-ನಲವತ್ತೈದು ದಿನಕ್ಕೆ ಎರಡನೇ ಸುತ್ತು. ತಪ್ಪಿದರೆ ಮಹಾಳಿ ಎಂಬ ಕೊಳೆರೋಗ, ಮರದಡಿ ಕೊಳೆತ ಕಾಯಿಯ ಹಾಸು. ಇಂಥವನಿಗೆ ಬೇಕಾದದ್ದು ನಾಳೆ ಹನ್ನೊಂದರಿಂದ ಮೂರರವರೆಗೆ ನಮ್ಮ ಗುಡ್ಡದ ಈಚೆ ಬದಿ ಹೊಳವಾಗುತ್ತದಾ ಎಂಬ ಒಂದೇ ಉತ್ತರ. ಫೋನು ಕೊಡುವುದು ಇಡೀ ಜಿಲ್ಲೆಗೆ ಒಂದು ಬಣ್ಣ, ಬದಿಯಡ್ಕಕ್ಕೂ ಅದೇ, ನೀಲೇಶ್ವರಕ್ಕೂ ಅದೇ.

ಆದರೂ ಎಲ್ಲರಿಗೂ ಮಳೆ ಇಷ್ಟ, ಯಾಕೆಂದರೆ ತಪ್ಪನ್ನೆಲ್ಲ ಅದರ ಮೇಲೆ ಹಾಕಬಹುದು. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡವನ್ನು ಹೆದ್ದಾರಿಗೆಂದು ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತಾರೆ. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರುತ್ತದೆ, ನೀರು ಕುಡಿದರೆ ಸಾಬೂನಿನಂತೆ ಜಾರುತ್ತದೆ ಎಂದು ಇಲ್ಲಿ ಬಾವಿ ತೋಡುವ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೇಳಲಿಲ್ಲ. ಗುಡ್ಡ ಕುಸಿದರೆ 'ಅನಿರೀಕ್ಷಿತ ಮಳೆ' ಎಂದು ಹೇಳಿಕೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಊರಿನಲ್ಲಿ ಜುಲೈ ತಿಂಗಳ ಮಳೆ ಅನಿರೀಕ್ಷಿತವಂತೆ! ಇದಕ್ಕೆ ತಮಾಷೆ ಮಾಡಲಿಕ್ಕೂ ಬೇಜಾರಾಗುತ್ತದೆ. ಕೆಳಗೆ ಮನೆಗಳಿವೆ, ಜನ ರಾತ್ರಿ ನಿದ್ದೆ ಬಿಟ್ಟು ಕೂತಿರುತ್ತಾರೆ.

ಮಣ್ಣು ತೆಗೆಯುವ ಜೆಸಿಬಿ ಬರುವವರೆಗೆ ಸರ್ವಿಸ್ ರೋಡಿನ ಕೆಸರಲ್ಲಿ ಬಸ್ಸುಗಳ ಸಾಲು. ಒಳಗೆ ಶಟರ್ ಎಳೆದು ಬೆವರುತ್ತಾ ಕೂತವರಲ್ಲಿ ಯಾರೋ ಹೇಳುತ್ತಾರೆ, ನಾಳೆ ಯೆಲ್ಲೋ ಅಂತೆ.