‘ಆನ್ ಯುವರ್ ಲೆಫ್ಟ್’ ಎಂದು ಕೂಗಿದರೆ ಮುಗಿಯಿತೇ?

ಹೋದ ಮಂಗಳವಾರ ಸಂಜೆ ನನ್ನ ತಂದೆಯವರು ಮೊಣಕೈ ತರಚಿಕೊಂಡು, ಒಂದು ಕಾಲಿನ ಶೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದರು. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ತೊರೆಯಂಚಿನ ಟ್ರೇಲ್‌ನಲ್ಲಿ, ಅಂದರೆ ನಡೆಯುವವರೂ ಸೈಕಲ್ ಸವಾರರೂ ಬಳಸುವ ಹಾದಿಯಲ್ಲಿ, ಹಿಂದಿನಿಂದ ಬಂದ ಇ-ಬೈಕೊಂದು (ಮೋಟಾರಿರುವ ಸೈಕಲ್) ಅವರಿಗೆ ಒರೆಸಿಕೊಂಡು ಹೋಗಿತ್ತು. ಸವಾರ ಹದಿನಾಲ್ಕೋ ಹದಿನೈದೋ ವರ್ಷದ ಹುಡುಗ. ‘ಆನ್ ಯುವರ್ ಲೆಫ್ಟ್’ ಎಂದು ಕೂಗಿದ್ದನಂತೆ. ತೀರ್ಥಹಳ್ಳಿಯಲ್ಲಿ ಜೀವಮಾನವಿಡೀ ರಸ್ತೆಯ ಎಡಬದಿಯಲ್ಲೇ ನಡೆದು ಬಂದ ನಿವೃತ್ತ ಮೇಷ್ಟ್ರ ಕಿವಿಗೆ ಬಿದ್ದದ್ದು ‘ಲೆಫ್ಟ್’ ಎಂಬ ಒಂದೇ ಶಬ್ದ. ಎಡಕ್ಕೆ ಸರಿಯಬೇಕೆಂದು ತಿಳಿದು ಅವರು ಎಡಕ್ಕೇ ಸರಿದರು. ‘ನಾನು ನಿಮ್ಮ ಎಡಗಡೆಯಿಂದ ದಾಟುತ್ತಿದ್ದೇನೆ, ನೀವು ಬಲಕ್ಕೇ ಇರಿ’ ಎಂಬುದು ಅದರ ಅರ್ಥವೆಂದು ಎರಡು ತಿಂಗಳ ಹಿಂದಷ್ಟೇ ಈ ದೇಶಕ್ಕೆ ಬಂದವರಿಗೆ ಹೇಗೆ ಗೊತ್ತಾಗಬೇಕು? ನಾನೂ ಹೇಳಿಕೊಟ್ಟಿರಲಿಲ್ಲ, ಆ ತಪ್ಪು ನನ್ನದೇ. ಆದರೆ ಬಿದ್ದ ಮುದುಕರನ್ನು ಎಬ್ಬಿಸಲು ಹುಡುಗ ನಿಲ್ಲಲಿಲ್ಲ. ತಿರುಗಿ ನೋಡಿ ‘ಐ ಸೆಡ್ ಲೆಫ್ಟ್!’ ಎಂದು ಗದರಿಸಿಯೇ ಹೋದನಂತೆ.

ಆರು ತಿಂಗಳ ಮಟ್ಟಿಗೆ ವಿಸಿಟರ್ ವೀಸಾದಲ್ಲಿ ಬರುವ ನಮ್ಮ ಅಪ್ಪ ಅಮ್ಮಂದಿರಿಗೆ ಈ ಟ್ರೇಲ್ ಎಂದರೆ ಏನೆಂಬುದು ಇಲ್ಲಿ ಸಂಸಾರ ಮಾಡಿಕೊಂಡಿರುವವರಿಗೆಲ್ಲ ಗೊತ್ತು. ಕಾರು ಓಡಿಸಲಾರದವರಿಗೆ ಈ ಊರಿನಲ್ಲಿ ತಮ್ಮಷ್ಟಕ್ಕೆ ಹೋಗಿಬರಲು ಬೇರೆ ಜಾಗವೇ ಇಲ್ಲ. 1972ರಲ್ಲಿ ಈ ಕೌಂಟಿಯ ಮತದಾರರು ಉದ್ಯಾನಗಳಿಗಾಗಿ ಆಸ್ತಿ ತೆರಿಗೆಯ ಒಂದು ಪಾಲನ್ನು ಮೀಸಲಿಡಲು ಒಪ್ಪಿದರು. ಬೆಟ್ಟಗಳನ್ನು ಕಟ್ಟಡಗಳಿಂದ ಉಳಿಸಲು ಒಂದು ಪ್ರತ್ಯೇಕ ಸಂಸ್ಥೆಯನ್ನೂ ಅದೇ ವರ್ಷ ಮತ ಹಾಕಿಯೇ ಕಟ್ಟಿಕೊಂಡರು. ಅವರ ದೂರದೃಷ್ಟಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಬೆಟ್ಟಗಳಿಗೆ ಹೋಗಬೇಕಾದರೆ ಕಾರು ಬೇಕು, ಕರೆದೊಯ್ಯಲು ಮಗನಿಗೆ ರಜೆ ಬೇಕು. ಅಪ್ಪನ ಕಾಲಿಗೆ ಎಟುಕುವುದು ತೊರೆಯಂಚಿನ ಈ ಡಾಂಬರು ಹಾದಿಯೊಂದೇ. ಸಂಜೆ ಐದಕ್ಕೆ ಸ್ವೆಟರ್ ಹಾಕಿಕೊಂಡು, ಮಂಕಿ ಕ್ಯಾಪ್ ಏರಿಸಿಕೊಂಡು ಹೊರಟರೆ ಸೇತುವೆಯ ಪಕ್ಕದ ಬೆಂಚಿನಲ್ಲಿ ಮೈಸೂರು, ಧಾರವಾಡ, ಗುಂಟೂರಿನ ಐದಾರು ಹಿರಿಯರು ಕಾದಿರುತ್ತಾರೆ. ಊರಿನ ಮಳೆಯಿಂದ ಹಿಡಿದು ಅಡಿಕೆ ಧಾರಣೆಯವರೆಗೆ ಮಾತಾಗುತ್ತದೆ. ಮಳೆಗಾಲದಲ್ಲಿ ಹೆದ್ದಾರಿಯ ಕೆಳಗಿನ ದಾರಿಗೆ ನೀರು ನುಗ್ಗಿ ಗೇಟು ಹಾಕಿದಾಗ ಇವರೆಲ್ಲ ಮನೆಯೊಳಗೆ ಚಡಪಡಿಸುವುದನ್ನು ನೋಡಿದರೆ ಅಯ್ಯೋ ಎನಿಸುತ್ತದೆ.

ಇಂಥ ಹಾದಿಯಲ್ಲೀಗ ಸಂಜೆಯಾದರೆ ಮೋಟಾರುಗಳ ರಾಜ್ಯ. ಕಾನೂನು ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇ-ಬೈಕುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. ಮೊದಲ ಎರಡು ವರ್ಗದವುಗಳಿಗೆ ಗಂಟೆಗೆ 20 ಮೈಲಿ ವೇಗ ದಾಟಿದ ಮೇಲೆ ಮೋಟಾರು ನೆರವಾಗುವಂತಿಲ್ಲ. 28 ಮೈಲಿಯವರೆಗೆ ಹೋಗುವ ಮೂರನೆಯ ವರ್ಗವನ್ನು 16 ವರ್ಷ ತುಂಬದವರು ಓಡಿಸುವಂತಿಲ್ಲ, ಹೆಲ್ಮೆಟ್ ಎಲ್ಲರಿಗೂ ಕಡ್ಡಾಯ. ಸ್ಥಳೀಯ ಆಡಳಿತ ಒಪ್ಪದ ಹೊರತು ರಸ್ತೆಯಿಂದ ದೂರವಿರುವ ಇಂಥ ಹಾದಿಗೆ ಅದನ್ನು ತರುವಂತೆಯೂ ಇಲ್ಲ. ಪೆಡಲ್ ಹೆಸರಿಗಷ್ಟೇ ಇದ್ದು, ಕೈಯಲ್ಲಿ ಥ್ರಾಟಲ್ ತಿರುವಿದರೆ ಚಿಮ್ಮುವ ದಪ್ಪ ಚಕ್ರದ ಗಾಡಿಗಳ ಪೈಕಿ ಎಷ್ಟೋ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅವು ಬೈಸಿಕಲ್ ಎಂಬ ಮುಖವಾಡ ಹಾಕಿಕೊಂಡ ಮೋಟಾರ್ ಸೈಕಲ್‌ಗಳು. ನಮ್ಮ ಟ್ರೇಲ್‌ನ ಬಾಯಲ್ಲೇ 15 ಮೈಲಿ ವೇಗಮಿತಿಯ ಫಲಕವಿದೆ, ನಡೆಯುವವರಿಗೆ ದಾರಿ ಬಿಡಿ ಎಂಬ ಹಳದಿ ತ್ರಿಕೋನವೂ ಇದೆ. ಎರಡು ವರ್ಷದಿಂದ ವಾರಕ್ಕೆ ನಾಲ್ಕು ದಿನ ನಡೆಯುತ್ತಿರುವ ನಾನು ಯಾರನ್ನೇ ಆಗಲಿ ವೇಗಕ್ಕಾಗಿ ತಡೆದು ನಿಲ್ಲಿಸಿದ್ದನ್ನು ಒಮ್ಮೆಯೂ ಕಂಡಿಲ್ಲ.

ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದೆ, ಫೋನ್ ಕೂಡ ಮಾಡಿದೆ. ಟ್ರೇಲ್ ಎಲ್ಲರಿಗೂ ಸೇರಿದ್ದು, ಬಳಕೆದಾರರು ಪರಸ್ಪರ ಸೌಜನ್ಯದಿಂದ ವರ್ತಿಸಬೇಕೆಂದು ಕೋರುತ್ತೇವೆ ಎಂಬ ಉತ್ತರ ಬಂತು. ಸೌಜನ್ಯ! ಇಪ್ಪತ್ತೆಂಟು ಕಿಲೋ ತೂಕದ ಗಾಡಿಗೂ ಎಪ್ಪತ್ತನಾಲ್ಕು ವರ್ಷದ ಮೂಳೆಗೂ ನಡುವೆ ಯಾವ ಪರಸ್ಪರ ಸೌಜನ್ಯ ಸ್ವಾಮಿ? ಗಾಡಿ ಯಾವುದೆಂದು ಆ ಕಡೆಯವರು ಕೇಳಿದರು. ನಂಬರ್ ಪ್ಲೇಟೇ ಇಲ್ಲದ ಗಾಡಿಯನ್ನು ನೆಲಕ್ಕೆ ಬಿದ್ದಿದ್ದ ಮುದುಕರು ಗುರುತಿಟ್ಟುಕೊಳ್ಳಬೇಕಿತ್ತೇ?

ನಾನು ಇ-ಬೈಕಿನ ವೈರಿಯಲ್ಲ. ಮಂಡಿನೋವಿನ ನನ್ನ ಸಹೋದ್ಯೋಗಿಯೊಬ್ಬರು ಅದರ ದೆಸೆಯಿಂದಲೇ ಕಾರು ಬಿಟ್ಟು ಆಫೀಸಿಗೆ ಬರುತ್ತಾರೆ, ಜನ ಕಂಡಲ್ಲಿ ಗಂಟೆ ಬಾರಿಸಿ ನಿಧಾನಿಸುತ್ತಾರೆ. ನನ್ನ ಸಿಟ್ಟು ಹದಿಮೂರರ ಮಗನಿಗೆ ಹುಟ್ಟುಹಬ್ಬಕ್ಕೆ ಇಂಥ ಗಾಡಿ ಕೊಡಿಸಿ, ಅದು ಯಾವ ವರ್ಗದ್ದೆಂದು ಕೂಡ ತಿಳಿದುಕೊಳ್ಳದ ತಂದೆತಾಯಿಗಳ ಮೇಲೆ. ಅವರಲ್ಲಿ ನಮ್ಮವರೂ ಇದ್ದಾರೆ, ಬೇಸರದಿಂದಲೇ ಹೇಳುತ್ತಿದ್ದೇನೆ.

ಅಪ್ಪನ ಮೂಳೆ ಮುರಿದಿಲ್ಲವೆಂದು ಎಕ್ಸ್‌ರೇ ಹೇಳಿತು. ಆದರೂ ಅವರು ಆ ಬೆಂಚಿನ ಕಡೆಗೆ ತಲೆ ಹಾಕಿಲ್ಲ. ಗುಂಟೂರಿನವರು ಎರಡು ಸಲ ಫೋನ್ ಮಾಡಿ ವಿಚಾರಿಸಿದರು. ಅಪ್ಪ ಈಗ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲೇ, ನಿಂತ ಕಾರುಗಳ ನಡುವೆ ಹನ್ನೆರಡು ಸುತ್ತು ಎಣಿಸಿಕೊಂಡು ನಡೆಯುತ್ತಾರೆ. ಇಲ್ಲಿಯ 5 ಮೈಲಿಯ ಫಲಕವನ್ನು ಕಾರಿನವರು ಓದಿಕೊಂಡು ಬರುತ್ತಾರಪ್ಪ, ಇಲ್ಲಿ ಭಯವಿಲ್ಲ ಎನ್ನುತ್ತಾರೆ.