ಹಳೆಯ ಲಾರಿಯ ಸೆಲ್ಫ್ ಮೋಟರ್: ಬಿಚ್ಚಿ ಸರಿಪಡಿಸುವುದೇ ಲೇಸೆ?

ಪರ

ಹಳೆಯ ಡೀಸೆಲ್ ಲಾರಿಯ ಸ್ಟಾರ್ಟರ್ ಮೋಟರನ್ನು, ಅಂದರೆ ಎಲ್ಲರ ಬಾಯಲ್ಲೂ 'ಸೆಲ್ಫ್' ಎಂದೇ ರೂಢಿಯಾಗಿರುವ ಆ ಭಾರದ ಉರುಳೆಯನ್ನು, ಮುಂದೊಂದು ದಿನ ಯಾರಾದರೂ ಬಿಚ್ಚಿಯೇ ಬಿಚ್ಚುತ್ತಾರೆಂಬ ಲೆಕ್ಕದಲ್ಲೇ ತಯಾರಿಸಲಾಗಿದೆ. ಉದ್ದನೆಯ ಬೋಲ್ಟುಗಳನ್ನು ಕಳಚಿದರೆ ಹಿಂಬದಿಯ ಮುಚ್ಚಳ ಕೈಗೆ ಬರುತ್ತದೆ. ಒಳಗೆ ಸವೆಯುವ ಭಾಗಗಳು ಹೆಚ್ಚಿಲ್ಲ: ಕಾರ್ಬನ್ ಬ್ರಷ್, ಶಾಫ್ಟಿನ ಬುಷ್, ಮೋಟರಿಗೆ ಕರೆಂಟು ಕೂಡಿಸುವ ಸ್ವಿಚ್ಚಾದ ಸೊಲೆನಾಯ್ಡಿನೊಳಗಿನ ತಾಮ್ರದ ಕಾಂಟ್ಯಾಕ್ಟ್, ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನು ಹೊತ್ತ ಕ್ಲಚ್. ಉಕ್ಕಿನ ಕವಚ, ಅದರ ಒಳಮೈಗೆ ಕೂತ ಫೀಲ್ಡ್ ಕಾಯಿಲ್, ನಡುವೆ ತಿರುಗುವ ಆರ್ಮೇಚರ್ ಇವು ಅತಿಯಾದ ಬಿಸಿಗೆ ಸಿಕ್ಕದಿದ್ದರೆ ಬಹಳ ಕಾಲ ಬಾಳುತ್ತವೆ. ಬ್ರಷ್ ಸವೆಯಿತೆಂದು ಇಡೀ ಮೋಟರನ್ನು ಗುಜರಿಗೆ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಅದಕ್ಕೂ ಮೊದಲು ಕೇಳಬೇಕಾದದ್ದು, ಕೆಟ್ಟಿರುವುದು ಮೋಟರೇ ಹೌದೇ ಎಂಬುದು. ಎಂಜಿನ್ ತಿರುಗಿಸುವಾಗ ಈ ಮೋಟರು ನೂರಾರು ಆಂಪಿಯರ್ ಎಳೆಯುತ್ತದೆ. 500 ಆಂಪಿಯರ್ ಹರಿಯುವ ದಾರಿಯಲ್ಲಿ ಕೇವಲ 0.002 ಓಮ್ ಹೆಚ್ಚಿನ ತಡೆ ಇದ್ದರೂ ಒಂದು ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ, ಮತ್ತು ಅಷ್ಟು ತಡೆಗೆ ತುಕ್ಕು ಹಿಡಿದ ಒಂದು ಅರ್ಥ್ ಬೋಲ್ಟ್ ಸಾಕು. ಆದ್ದರಿಂದ ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗ ಇನ್ನೊಬ್ಬರು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಟರ್ಮಿನಲ್ಲಿಗೂ ಮುಟ್ಟಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಕಂಬದಿಂದ ಮೋಟರಿನ ಕವಚದವರೆಗೆ ಇದೇ ರೀತಿ ಅಳೆದು ನೋಡಬೇಕು. 12 ವೋಲ್ಟಿನ ಲಾರಿಯಲ್ಲಿ ಯಾವುದೇ ಬದಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದೋಷ ಕೇಬಲಿನಲ್ಲಿದೆ. ಹೊಸ ಮೋಟರ್ ಹಾಕಿದ ಕೂಡಲೇ ಎಲ್ಲ ಸರಿಹೋಯಿತೆನ್ನುವ ಎಷ್ಟೋ ಲಾರಿಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು, ಜೋಡಿಸುವಾಗ ಉಜ್ಜಿ ಬಿಗಿ ಮಾಡಿದ ಕೇಬಲಿನ ತುದಿ ಎಂದೇ ನನ್ನ ಅನುಮಾನ.

ನಾನು ಬಿಚ್ಚಿದ ಒಂದು ಮೋಟರಿನ ಕಥೆಯೂ ಇಂಥದ್ದೇ. ಕೀ ತಿರುಗಿಸಿದರೆ 'ಕಟ್' ಎಂಬ ಒಂದೇ ಸದ್ದು ಬರುತ್ತಿತ್ತು. ಹೆಡ್‌ಲೈಟ್ ಕಿಂಚಿತ್ತೂ ಮಂಕಾಗುತ್ತಿರಲಿಲ್ಲ. ಬೆಳಕು ಮಂಕಾಗುವುದಿಲ್ಲವೆಂದರೆ ಕರೆಂಟು ಮೋಟರಿಗೆ ಹೋಗುತ್ತಲೇ ಇಲ್ಲ ಎಂದರ್ಥ. ಸೊಲೆನಾಯ್ಡಿನ ಮುಚ್ಚಳ ತೆಗೆದಾಗ ಒಳಗಿನ ಎರಡು ತಾಮ್ರದ ಬೋಲ್ಟುಗಳ ತಲೆ, ಅವೆರಡನ್ನೂ ಕೂಡಿಸುವ ಬಿಲ್ಲೆ ಬಂದು ಬಡಿಯುವ ಬದಿಯಲ್ಲಿ ಮಾತ್ರ, ಇಲಿ ಕಡಿದ ಕೊಬ್ಬರಿಯಂತೆ ತಿಂದುಹೋಗಿತ್ತು. ಆಚೆ ಬದಿ ಹೊಸದರಂತೆ ಹೊಳೆಯುತ್ತಿತ್ತು. ಬೋಲ್ಟುಗಳನ್ನು ಅರ್ಧ ಸುತ್ತು ತಿರುಗಿಸಿ, ಬಿಲ್ಲೆಯನ್ನು ಮಗುಚಿ ಹಾಕಿದ್ದಷ್ಟೇ ದುರಸ್ತಿ. ಬ್ರಷ್ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು.

ಕೂರಿಸುವ ವಿಚಾರದಲ್ಲೂ ಹಳೆಯದಕ್ಕೆ ಸಾಟಿಯಿಲ್ಲ. ಎಂಜಿನ್ನಿಗೆ ಬಿಗಿಯುವ ಅಂಚಾದ ಫ್ಲೇಂಜಿನ ರಂಧ್ರಗಳು, ಮೂತಿಯ ವ್ಯಾಸ, ಪಿನಿಯನ್ನಿನ ಹಲ್ಲುಗಳು, ಎಂಜಿನ್ನಿನ ಫ್ಲೈವೀಲಿನ ಸುತ್ತಲಿನ ರಿಂಗ್ ಗೇರಿನಿಂದ ಅದು ಇರಬೇಕಾದ ಅಂತರ ಎಲ್ಲವೂ ಆ ಎಂಜಿನ್ನಿಗೆಂದೇ ಅಳೆದು ಮಾಡಿದವು. ಬಣ್ಣ, ತುಕ್ಕು ಕೆರೆದು ಕೂಡುವ ಮುಖವನ್ನು ಬೆಳ್ಳಗೆ ಮಾಡಿ, ಬೋಲ್ಟುಗಳನ್ನು ಸರದಿಯಂತೆ ಸಮನಾಗಿ ಬಿಗಿದರೆ ಬೇರೆ ಹೊಂದಾಣಿಕೆಯ ಅಗತ್ಯವೇ ಬೀಳುವುದಿಲ್ಲ.

ವಿರೋಧ

ಮೇಲಿನ ವಾದವು ಮೋಟರು ತಿರುಗಿದರೆ ಸಾಕೆಂದು ಭಾವಿಸಿದೆ. ಡೀಸೆಲ್ ಎಂಜಿನ್ನಿಗೆ ಅದು ಸಾಲದು. ಅಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಪಿಸ್ಟನ್ ನಿಧಾನವಾಗಿ ಮೇಲೇರಿದರೆ ಗಾಳಿ ಪಿಸ್ಟನ್ ರಿಂಗುಗಳ ಸಂದಿಯಿಂದ ಸೋರುತ್ತದೆ, ಬಿಸಿ ಸಿಲಿಂಡರಿನ ಗೋಡೆಗೆ ಇಳಿಯುತ್ತದೆ, ಹೊಗೆಕೊಳವೆಯಿಂದ ಬಿಳಿ ಹೊಗೆ ಬರುತ್ತದೆಯೇ ಹೊರತು ಎಂಜಿನ್ ಹಿಡಿಯುವುದಿಲ್ಲ. ರಿಂಗ್ ಸವೆದ ಹಳೆಯ ಎಂಜಿನ್ನಿಗೆ ಹೊಸದಕ್ಕಿಂತ ಹೆಚ್ಚಿನ ವೇಗ ಬೇಕಾಗುತ್ತದೆ. ದುರಸ್ತಿಯಾದ ಹಳೆಯ ಮೋಟರಾದರೋ ಹೆಚ್ಚೆಂದರೆ ತನ್ನ ಹಿಂದಿನ ವೇಗವನ್ನೇ ಮರಳಿ ಕೊಟ್ಟೀತು.

ಹಳೆಯದರ ಬದಲಿಗೆ ಹಾಕಬಹುದಾದ, ಒಳಗೇ ಗೇರುಗಳಿರುವ ಹೊಸ ಗೇರ್ ರಿಡಕ್ಷನ್ ಮೋಟರಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಹಳೆಯದರಲ್ಲಿ ಆರ್ಮೇಚರು ಪಿನಿಯನ್ನಿನ ವೇಗದಲ್ಲೇ ಸುತ್ತುತ್ತದೆ. ಹೊಸದರಲ್ಲಿ ಚಿಕ್ಕದೊಂದು ಆರ್ಮೇಚರು ಅದರ ಮೂರು ನಾಲ್ಕು ಪಟ್ಟು ವೇಗದಲ್ಲಿ ಸುತ್ತಿ, ನಡುವಿನ ಗೇರುಗಳು ಆ ವೇಗವನ್ನು ತಗ್ಗಿಸಿ ತಿರುಗಿಸುವ ಬಲವನ್ನು ಹೆಚ್ಚಿಸುತ್ತವೆ. ಕಡಿಮೆ ಕರೆಂಟಿನಲ್ಲಿ ಕೆಲಸ ಸಾಗುವುದರಿಂದ, ಚಳಿಯಲ್ಲಿ ಬ್ಯಾಟರಿ ಸೊರಗಿ ಆಯಿಲ್ ಗಟ್ಟಿಯಾಗಿರುವ ಹೊತ್ತಿನಲ್ಲಿ ಇದರ ಗುಣ ಎದ್ದು ಕಾಣುತ್ತದೆ. ತೂಕದ ಮಾತನ್ನು ಹಗುರವಾಗಿ ಎಣಿಸಬಾರದು. ದೊಡ್ಡ ಎಂಜಿನ್ನುಗಳ ಹಳೆಯ ಮೋಟರು 25 ಕಿಲೋ ದಾಟುವುದುಂಟು. ಲಾರಿಯ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ಕಾಣದ ಮೇಲಿನ ಬೋಲ್ಟನ್ನು ಬೆರಳ ತುದಿಯಲ್ಲೇ ಹುಡುಕುತ್ತಾ, ಅಷ್ಟು ಭಾರವನ್ನು ಎದೆಯ ಮೇಲೆ ಆತುಕೊಂಡವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ದುರಸ್ತಿಯೆಂದರೆ ಆ ಕಸರತ್ತು ಒಂದೇ ಬಾರಿಗೆ ಮುಗಿಯುವುದೂ ಅಪರೂಪ. ಈಗ ಬ್ರಷ್, ಮುಂದೆ ಬುಷ್, ಅದರ ಮುಂದೆ ಸೊಲೆನಾಯ್ಡ್. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಗೆ, ಅಂದರೆ ಕಮ್ಯುಟೇಟರಿಗೆ, ಗೀರು ಬಿದ್ದಿರುವಾಗ ಹೊಸ ಬ್ರಷ್ ಕೂರಿಸಿದರೆ ಅದು ಬೇಗನೆ ಪುಡಿಯಾಗುತ್ತದೆ. ಲೇತಿಗೆ ಹಾಕಿ ನುಣುಪು ಮಾಡಿದರೂ ಪಟ್ಟಿಗಳ ನಡುವಿನ ಅಭ್ರಕವನ್ನು ತಗ್ಗಿಸದೆ ಬಿಟ್ಟರೆ ಬ್ರಷ್ ಕುಪ್ಪಳಿಸಿ ಕಿಡಿ ಕಾರುತ್ತದೆ. ಆರ್ಮೇಚರ್ ಒಳಗೊಳಗೇ ಶಾರ್ಟ್ ಆಗಿದೆಯೇ ಎಂದು ಬರಿಗಣ್ಣಿಗೆ ತಿಳಿಯದು. ಗ್ರೌಲರ್ ಎಂಬ ಪರೀಕ್ಷೆಯ ವಿದ್ಯುತ್ಕಾಂತದ ಮೇಲಿಟ್ಟು, ಹ್ಯಾಕ್ಸಾ ಬ್ಲೇಡನ್ನು ಮೇಲೆ ಹಿಡಿದು ತಿರುಗಿಸುತ್ತಾ ಬಂದಾಗ, ಕೆಟ್ಟ ಸುರುಳಿಯ ಹತ್ತಿರ ಬ್ಲೇಡು ಜುಮ್ಮೆಂದು ನಡುಗುತ್ತದೆ. ಈ ಪರೀಕ್ಷೆ ಮಾಡದೆ ಮುಚ್ಚಿ ಕೊಟ್ಟ ಮೋಟರು ದುರಸ್ತಿಯಾದದ್ದಲ್ಲ, ಬಣ್ಣ ಬಳಿದದ್ದು.

ಹೊಸದು ಕೂರುವುದಿಲ್ಲವೆಂಬ ಭಯಕ್ಕೆ ಆಧಾರ ಕಡಿಮೆ. ವೋಲ್ಟೇಜು, ತಿರುಗುವ ದಿಕ್ಕು, ಹಲ್ಲುಗಳ ಸಂಖ್ಯೆ, ಫ್ಲೇಂಜ್ ಇವಿಷ್ಟನ್ನು ಹಳೆಯದರೊಂದಿಗೆ ಪಕ್ಕದಲ್ಲಿಟ್ಟು ತಾಳೆ ನೋಡಿ ತಂದರಾಯಿತು. ರಿಂಗ್ ಗೇರಿನ ವಿಷಯ ಮಾತ್ರ ಬೇರೆ, ಅಲ್ಲಿ ಎರಡೂ ಪಕ್ಷ ಸೋಲುತ್ತವೆ: ಆರು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಸುಮಾರಾಗಿ ಅದೇ ಮೂರು ಜಾಗಗಳಲ್ಲಿ ನಿಲ್ಲುವುದರಿಂದ ಹಲ್ಲುಗಳು ಅಲ್ಲಿಯೇ ಸವೆಯುತ್ತವೆ, ಸವೆದ ಹಲ್ಲಿನ ಮೇಲೆ ಯಾವ ಪಿನಿಯನ್ನೂ ನಿಲ್ಲದು.

ಕೊನೆಯದಾಗಿ ಕ್ಲಚ್ಚಿನ ಮಾತು. ಎಂಜಿನ್ ಹಿಡಿದ ಕ್ಷಣದಲ್ಲಿ ಪಿನಿಯನ್ನು ಮೋಟರಿನಿಂದ ಬಿಡಿಸಿಕೊಂಡು ತಾನೇ ಸುತ್ತುವಂತೆ ಮಾಡುವುದು ಅದರ ಕೆಲಸ. ಪಿನಿಯನ್ನಿಗೆ 10 ಹಲ್ಲು, ರಿಂಗ್ ಗೇರಿಗೆ 120 ಹಲ್ಲು ಇದ್ದರೆ, ಎಂಜಿನ್ ನಿಮಿಷಕ್ಕೆ 1,500 ಸುತ್ತು ಏರಿದಾಗ ಪಿನಿಯನ್ನು 18,000 ಸುತ್ತು ತಿರುಗುತ್ತದೆ. ಕ್ಲಚ್ಚು ಹಿಡಿದುಕೊಂಡಿದ್ದರೆ ಆರ್ಮೇಚರೂ ಅದರ ಜೊತೆಗೆ ತಿರುಗಿ, ತಾಮ್ರದ ಸುರುಳಿಗಳು ತಾವು ಕೂತ ಸೀಳುಗಳಿಂದ ಎದ್ದು ಫೀಲ್ಡ್ ಕಾಯಿಲಿಗೆ ಬಡಿಯುತ್ತವೆ. ಕ್ಲಚ್ಚಿನ ಗ್ರೀಸನ್ನು ಅದನ್ನು ತಯಾರಿಸುವಾಗಲೇ ಒಳಗೆ ತುಂಬಿ ಮುಚ್ಚಿರುತ್ತಾರೆ, ಮತ್ತೆ ತುಂಬಲು ದಾರಿಯಿಲ್ಲ. ದುರಸ್ತಿಯ ಉತ್ಸಾಹದಲ್ಲಿ ಉಳಿದ ಭಾಗಗಳ ಜೊತೆಗೆ ಇದನ್ನೂ ಡೀಸೆಲಿನಲ್ಲಿ ಅದ್ದಿ ತೊಳೆದರೆ ಆ ಗ್ರೀಸೇ ಕರಗಿ ಹೋಗುತ್ತದೆ. ನಾನೂ ಒಮ್ಮೆ ಹಾಗೆ ತೊಳೆದು, ಬಟ್ಟೆಯಿಂದ ಒರೆಸಿ, ಹೊಳೆಯುತ್ತಿದೆಯೆಂದು ಮೆಚ್ಚಿಕೊಂಡೇ ಜೋಡಿಸಿದ್ದೆ. ಮುಂದಿನ ಸಲ ಮುಚ್ಚಳ ತೆಗೆದಾಗ ಆರ್ಮೇಚರಿನ ತಾಮ್ರ ಬಿಚ್ಚಿದ ಜಡೆಯಂತೆ ಹೊರಗೆ ಬಂದಿತ್ತು.